ಕಡಿಯದೆ ಉಳಿದ ಕಂಟಿ

ಗಿಡದ ಲಾರಿ ಈ ವರ್ಷವೂ ಬರುತ್ತದಂತೆ ಎಂಬ ಸುದ್ದಿ ನೀರಿನ ಟಾಕಿಯ ಹತ್ತಿರ ಕಿವಿಗೆ ಬಿದ್ದಾಗ ಸಿತಾರಾ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಏರು ಹತ್ತಿದಳು. ಬೇಸರ ಮಾಡಿಕೊಳ್ಳಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಮೇ ತಿಂಗಳ ಕೊನೆಗೆ ಸಿತಾರಾಳ ಹತ್ತಿರ ಅದೂ ಉಳಿದಿರಲಿಲ್ಲ.

ಧಾರವಾಡದ ಹತ್ತಿರದ ಮುಗದ ಊರು ದಾಟಿ ಅಡವಿಯ ಕಡೆಗೆ ಹೋದರೆ ಒಂದು ಊರು ಸಿಗುತ್ತದೆ. ಊರಿನ ಹಿಂದೆ ಒಂದು ಗುಡ್ಡ. ಗುಡ್ಡದ ಸೆರಗಿನಲ್ಲಿ ಸಿದ್ದಿ ಜನರ ಒಂದಿಷ್ಟು ಮನೆಗಳು. ಊರಿನವರು ಅದಕ್ಕೆ ಮೇಲಿನ ವಾಡೆ ಅನ್ನುತ್ತಾರೆ. ಅಜ್ಜ ಮುತ್ತಜ್ಜರ ಕಾಲದಿಂದ ಆ ಗುಡ್ಡವೇ ವಾಡೆಯವರ ಹಿತ್ತಲು. ಕವಳಿಹಣ್ಣು, ಪರಗಿಹಣ್ಣು, ನೇರಳೆ, ಜೇನು, ಎಲ್ಲವೂ ಅಲ್ಲಿಂದಲೇ ಇಳಿದು ಧಾರವಾಡದ ಮಾರ್ಕೆಟ್ಟಿಗೆ ಹೋಗುತ್ತಿದ್ದವು. ಈಗ ಗುಡ್ಡ ಬೋಳಾಗಿದೆ. ಬೋಳು ಗುಡ್ಡಕ್ಕೆ ಗಿಡ ಹಚ್ಚಲು ವರ್ಷ ವರ್ಷ ಯಾರಾದರೂ ಬರುತ್ತಾರೆ. ಒಂದು ವರ್ಷ ಕಾರ್ಖಾನೆಯವರು, ಇನ್ನೊಂದು ವರ್ಷ ಕಾಲೇಜಿನವರು. ಬ್ಯಾನರ್ ಕಟ್ಟುತ್ತಾರೆ, ಕುಣಿಯಲ್ಲಿ ಗಿಡ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಉಪ್ಪಿಟ್ಟು ತಿಂದು ಹೋಗುತ್ತಾರೆ. ದೀಪಾವಳಿಯ ಹೊತ್ತಿಗೆ ಗಿಡ ಒಣಗಿ ಕೋಲು ಉಳಿಯುತ್ತದೆ. ಆಮೇಲೆ ಕೋಲಿಗೂ ಗೆದ್ದಲು ಹತ್ತುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ನಡೆದಿತ್ತು ಈ ಗಿಡ ಹಚ್ಚುವ ಕೆಲಸ.

ಮನೆಗೆ ಬಂದರೆ ಮಾವ ಮುಕ್ತಾರಜ್ಜ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಒಂದು ಕಾಲಕ್ಕೆ ಜೇನು ಇಳಿಸಲು ಎಂಥ ಮರವನ್ನಾದರೂ ಹತ್ತುತ್ತಿದ್ದ ಮನುಷ್ಯ. ಈಗ ಮೊಣಕಾಲು ನೋವು ಅವನನ್ನು ಕಟ್ಟೆ ಇಳಿಯಲೂ ಬಿಡುವುದಿಲ್ಲ. ಗಂಡ ಹಫೀಜ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಹಮಾಲಿ ಮಾಡುತ್ತಾನೆ, ನಸುಕಿನಲ್ಲಿ ಹೋದವನು ಸಂಜೆಗೇ ಬರುವುದು. ಒಳಗೆ ಮಗಳು ಮಹೆಕ ಒಂದು ಪ್ಲಾಸ್ಟಿಕ್ ಚೀಲಕ್ಕೆ ತನ್ನ ಬಟ್ಟೆ ತುಂಬುತ್ತಿದ್ದಳು. ತುಂಬಿದ್ದನ್ನು ಮತ್ತೆ ಹೊರಗೆ ತೆಗೆಯುತ್ತಿದ್ದಳು.

ಸೋಮವಾರ ಮಹೆಕ ಹುಬ್ಬಳ್ಳಿಗೆ ಹೋಗುವುದಿತ್ತು. ಹಫೀಜನ ಅಕ್ಕ ಅಲ್ಲಿದ್ದಾಳೆ. ಅವಳಿಗೆ ಗೊತ್ತಿರುವ ಒಂದು ಮನೆಯಲ್ಲಿ ಸಣ್ಣ ಕೂಸಿದೆ, ಆಡಿಸಲು ಒಬ್ಬ ಹುಡುಗಿ ಬೇಕಂತೆ. ಊಟ, ಬಟ್ಟೆ ಅವರದೇ. ನಾಲ್ಕನೇ ಇಯತ್ತೆ ಓದುವ ಹುಡುಗಿಗೆ ಕೂಸು ಆಡಿಸುವ ಕೆಲಸವೇ ಎಂದು ನೀವು ಕೇಳಬಹುದು. ಸಿತಾರಾಳೂ ತನ್ನನ್ನು ತಾನು ಕೇಳಿಕೊಂಡಿದ್ದಳು. ಆದರೆ ಸಂಕ್ರಾಂತಿ ಆದಾಗಿನಿಂದ ಹುಡುಗಿ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಬೈದು ನೋಡಿದ್ದಾಯಿತು, ಮುದ್ದು ಮಾಡಿ ಕೇಳಿದ್ದಾಯಿತು. ಬಾಯಿ ಬಿಡಲೊಲ್ಲಳು. ಶಾಲೆಗೆಂದು ಹೊರಟವಳು ಗುಡ್ಡ ಹತ್ತಿ ಕೂತು ಬರುತ್ತಿದ್ದಳು. ಓದೂ ಇಲ್ಲ, ಗುಡ್ಡದಲ್ಲಿ ಹಣ್ಣೂ ಇಲ್ಲ. ಇಲ್ಲಿ ಬರಿಗಾಲಲ್ಲಿ ಅಲೆಯುವುದಕ್ಕಿಂತ ಅಲ್ಲಿ ಹೊತ್ತಿಗೆ ಸರಿಯಾಗಿ ಉಂಡಾಳು ಅಂದುಕೊಂಡು ಸಿತಾರಾ ಹೂಂ ಅಂದಿದ್ದಳು. ಹೂಂ ಅಂದ ದಿನದಿಂದ ಅವಳು ಒಂದು ರೊಟ್ಟಿಯನ್ನೂ ಪೂರ್ತಿ ಉಂಡಿರಲಿಲ್ಲ.

ಆ ಮಧ್ಯಾಹ್ನವೇ ಬಾಳವ್ವ ಏದುಸಿರು ಬಿಡುತ್ತ ಏರು ಹತ್ತಿ ಬಂದಳು. ಬಾಳವ್ವ ಕೆಳಗಿನ ಊರಿನ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ, ಗ್ರಾಮ ಅರಣ್ಯ ಸಮಿತಿಯಲ್ಲೂ ಇದ್ದಾಳೆ. ಹೊಲ, ದನ, ಮಾತು ಎಲ್ಲವೂ ಜೋರು. ಮನಸ್ಸು ಮಾತ್ರ ಕೆಟ್ಟದ್ದಲ್ಲ. ಅವಳ ಹಿಂದೆ ಛತ್ರಿ ಹಿಡಿದು ಶಾಲೆಯ ಸೌಮ್ಯಾ ಟೀಚರ್.

“ಸಿತಾರಾ, ಮೊದಲ ಒಂದ ಚರಗಿ ನೀರು ಕೊಡ ತಂಗಿ. ಈ ಏರು ನಮ್ಮಂಥವರಿಗಲ್ಲ.”

“ಯಾರಿಗೂ ಅಲ್ರಿ ಬಾಳವ್ವಕ್ಕ. ನಾವು ದಿನಾ ಹತ್ತತೇವಿ, ಅಷ್ಟ.”

ಬಾಳವ್ವ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡಳು. “ಗಿಡಾ ಹಚ್ಚೂ ವಿಚಾರಕ್ಕ ಬಂದೇವಿ.”

“ಹಚ್ಚರಿ. ಯಾರು ಬ್ಯಾಡ ಅಂದಾರ? ಕುಣಿ ತೋಡಾಕ ಕರದ್ರ ಬರತೇವಿ. ಸಲಿಕಿ ಮಾತ್ರ ನೀವ ತರ್ರಿ, ನಮ್ಮದು ಹೋದ ವರ್ಷ ನಿಮ್ಮ ಕುಣಿ ತೋಡಿನ ಮುರದೈತಿ.”

“ಹಂಗಲ್ಲವಾ. ಈ ಸಲ ನೀವ ಹೇಳಬೇಕು. ಏನ್ ಹಚ್ಚೂದು, ಎಲ್ಲಿ ಹಚ್ಚೂದು, ಯಾವಾಗ ಹಚ್ಚೂದು.”

ಸಿತಾರಾ ನಕ್ಕಳು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ. “ಊರು ಕೊಳ್ಳೆ ಹೊಡದ ಮ್ಯಾಲೆ ಕ್ವಾಟಿ ಬಾಗಲಾ ಹಾಕಿದ್ರಂತ. ಇಷ್ಟ ವರ್ಷ ಇಲ್ಲದ್ದು ಈಗ್ಯಾಕ ನೆನಪಾತ್ರಿ ನಮ್ಮದು? ನನಗ ಭಾಳ ಕೆಲಸ ಐತ್ರಿ ಅಕ್ಕ. ನಿಮಗ ತಿಳದದ್ದು ಮಾಡ್ರಿ.”

“ಒಂದ ಮಾತು ಕೇಳತೇನಿ, ಸಿಟ್ಟಾಗಬ್ಯಾಡ,” ಎಂದಳು ಬಾಳವ್ವ. “ಮೂರು ವರ್ಷದ ಹಿಂದ ಗಿಡಾ ಹಚ್ಚಾಕಂತ ಗುಡ್ಡದ ಮ್ಯಾಲಿನ ಮುಳ್ಳಕಂಟಿ ಎಲ್ಲಾ ಸವರಿ ಹಸನ ಮಾಡ್ರಿ ಅಂತ ನಿಮಗ ಕೂಲಿ ಹಚ್ಚಿದ್ವಿ. ನೀವು ಅಲ್ಲೊಂದು ಇಲ್ಲೊಂದು ಕಂಟಿ ಹಂಗ ಬಿಟ್ಟಿದ್ರಿ. ಮೈಗಳ್ಳರು ಅಂತ ನಾನ ಬೈದಿದ್ದೆ.”

“ಕೂಲೀನೂ ಹಿಡದಿದ್ರಿ.”

“ಹಿಡದಿದ್ವಿ, ಖರೇ. ಮೊನ್ನೆ ನಮ್ಮ ಎಮ್ಮಿ ತಪ್ಪಿಸ್ಕೊಂಡು ಗುಡ್ಡಾ ಹತ್ತಿತ್ತು. ಹುಡಕ್ಕೋತ ಹೋದ್ನಿ. ನಾವು ಹಚ್ಚಿದ್ದು ಒಂದ ಗಿಡಾನೂ ಉಳದಿಲ್ಲ. ಆದ್ರ ನೀವು ಬಿಟ್ಟ ಕಂಟಿ ಒಳಗ ಗಿಡಾ ಎದ್ದಾವ, ನನ್ನ ಎದಿ ಮಟಾ. ಅವನ್ನ ಯಾಕ ಬಿಟ್ಟಿದ್ರಿ?”

ಸಿತಾರಾ ಚರಗಿ ಎತ್ತಿ ಒಳಗಿಟ್ಟಳು. ಕೆಲವು ಸಂಗತಿಗಳನ್ನು ಮನೆಯ ಹೊಸ್ತಿಲಿನ ಹೊರಗೆ ಹೇಳಬಾರದು ಎಂದು ಅವಳಿಗೆ ಅನುಭವ ಕಲಿಸಿತ್ತು. ಹೇಳಿದರೆ ಕೆಳಗಿನ ಊರಿನವರು ನಗುತ್ತಾರೆ. ನಗದಿದ್ದರೆ, ಅಯ್ಯೋ ಪಾಪ ಅನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು.

“ಹೇಳವಾ,” ಎಂದ ಕಟ್ಟೆಯ ಮೇಲಿಂದ ಮುಕ್ತಾರಜ್ಜ. “ಕೇಳ್ಯಾರ ಕಡೀಕ.”

ಅವಳು ಹೇಳುವುದರೊಳಗೆ ಸೌಮ್ಯಾ ಟೀಚರ್ ಕಣ್ಣು ಒಳಗಿನ ಪ್ಲಾಸ್ಟಿಕ್ ಚೀಲದ ಮೇಲೆ ಬಿತ್ತು. “ಮಹೆಕ ಎಲ್ಲಿಗೆ ಹೊಂಟಾಳ್ರಿ?”

“ಹುಬ್ಬಳ್ಳಿಗ್ರಿ ಅಕ್ಕಾರ. ಸೋಮವಾರ. ಕೂಸು ಆಡಸಾಕ.”

ಟೀಚರ್ ಮುಖ ಸಣ್ಣದಾಯಿತು. “ಸಿತಾರಾ, ಹದಿನಾಲ್ಕರ ಒಳಗಿನ ಮಕ್ಕಳನ್ನ ಕೆಲಸಕ್ಕ ಇಟ್ಕೊಳ್ಳೂದು ಕಾಯ್ದೆ ಪ್ರಕಾರ ತಪ್ಪು. ಮನಿ ಕೆಲಸಾನೂ ಅದರಾಗ ಬಂತು. ಆಕಿ ಸಾಲ್ಯಾಗ ಇರಬೇಕಾದಾಕಿ.”

“ಕಾಯ್ದೆ ನನಗೂ ಗೊತ್ತೈತ್ರಿ!” ಸಿತಾರಾಳ ದನಿ ಏರಿತು. “ಸಾಲಿಗೆ ಹೋಗಂದ್ರ ಒಲ್ಲೆ ಅಂತಾಳ. ಹೊಡದ್ರೂ ಒಲ್ಲೆ, ಅತ್ರೂ ಒಲ್ಲೆ. ಅಲ್ಲೇನಾಗೇತಿ ನನಗೇನ ಗೊತ್ತು? ನಿಮಗ ಗೊತ್ತಿರಬೇಕು. ನಾಲ್ಕ ತಿಂಗಳಾತು ಆಕಿ ಬರದ, ಇವತ್ತ ಬಂದ್ರಿ ಕೇಳಾಕ, ಅದೂ ಗಿಡದ ನೆವಕ್ಕ.”

ಟೀಚರ್ ತಲೆ ತಗ್ಗಿಸಿದಳು. ಹಾಜರಿ ತಪ್ಪಿದ ಮಕ್ಕಳ ಮನೆಗೆ ಹೋಗಬೇಕೆಂದು ಅವಳಿಗೂ ಗೊತ್ತಿತ್ತು. ಎರಡು ಸಲ ವಾಡೆಗೆ ಹೇಳಿ ಕಳಿಸಿ ಸುಮ್ಮನಾಗಿದ್ದಳು. ಏರು ದೊಡ್ಡದು ಎಂಬ ನೆಪವೇ ಅವಳಿಗೆ ಸಾಕಾಗಿತ್ತು.

ಆಗ ಮಹೆಕ ಒಳಗಿನಿಂದ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. “ದಾದಾ, ನಾ ತೋರಸತೇನಿ,” ಎಂದು ಅಜ್ಜನಿಗೆ ಹೇಳಿ ಗುಡ್ಡದ ಹಾದಿ ಹಿಡಿದಳು. ಮುಕ್ತಾರಜ್ಜ ಕೋಲು ಹುಡುಕಿ ಎದ್ದ. ಬೇಡವೆಂದರೂ ಕೇಳಲಿಲ್ಲ, ಬಾಳವ್ವನ ಭುಜ ಹಿಡಿದು ಹೊರಟ. ಸಿತಾರಾ, ಟೀಚರ್ ಹಿಂದೆ ನಡೆದರು.

ಗುಡ್ಡದ ಮೇಲೆ ಸಾಲು ಸಾಲಾಗಿ ಒಣ ಕೋಲುಗಳು ನಿಂತಿದ್ದವು. ಕೆಲವು ಕುಣಿಯಲ್ಲಿ ಗಿಡದ ಪ್ಲಾಸ್ಟಿಕ್ ಕೊಟ್ಟೆ ಹಾಗೇ ಇತ್ತು, ಹರಿಯುವ ಪುರಸೊತ್ತೂ ಹಚ್ಚಿದವರಿಗೆ ಸಿಕ್ಕಿರಲಿಲ್ಲ. ನಡುನಡುವೆ ಮುಳ್ಳಿನ ಹಸಿರು ಕಂಟಿಗಳು. ಮಹೆಕ ಒಂದು ಕವಳಿ ಕಂಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಳ್ಳು ತಾಗದ ಹಾಗೆ ಟೊಂಗೆಗಳನ್ನು ಅಗಲಿಸಿದಳು. ಒಳಗೆ ಒಂದು ನೇರಳೆ ಗಿಡ, ಅವಳಿಗಿಂತ ಎತ್ತರ. ಅದರ ಬುಡದಲ್ಲಿ ಒಂದು ಹೊನ್ನಿ ಸಸಿ, ಈಗಷ್ಟೇ ಚಿಗುರಿದ್ದು.

“ಇದು ನಂದು,” ಎಂದಳು.

ಸೌಮ್ಯಾ ಟೀಚರ್ ಬಗ್ಗಿ ಆ ಕಂಟಿಯೊಳಗೆ ನೋಡಿದಳು. “ನೀ ಅವತ್ತ ಇದರ ಮ್ಯಾಲೇ ಬರದಿದ್ದೇನು? ಸಾಲ್ಯಾಗ ‘ನನ್ನ ಗಿಡ’ ಅಂತ ನಿಬಂಧ ಬರೀರಿ ಅಂದಾಗ?”

ಮಹೆಕ ತಲೆಯಾಡಿಸಿದಳು. “ನೀವು, ಕಂಟಿ ಗಿಡಾ ಅಲ್ಲ, ಮಾವಿನ ಗಿಡದ ಮ್ಯಾಲೆ ಬರಿ ಅಂದ್ರಿ. ಎಲ್ಲಾರೂ ನಕ್ರು. ಮುಳ್ಳಕಂಟಿ ಮಹೆಕ ಅಂತ ಹೆಸರಿಟ್ರು. ಮಾವಿನ ಗಿಡಾ ನಂದಲ್ಲಲ್ರಿ ಟೀಚರ್. ಸುಳ್ಳ ಹೆಂಗ ಬರೀಲಿ?”

ಸಿತಾರಾಳಿಗೆ ಈ ಮಾತು ಹೊಸದು. ನಾಲ್ಕು ತಿಂಗಳು ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಳು. ಸಿತಾರಾ ಅವಳಿಗೆ ಸೋಮಾರಿ ಅಂದಿದ್ದಳು, ಗುಡ್ಡದ ಹುಚ್ಚು ಹಿಡಿದಿದೆ ಅಂದಿದ್ದಳು. ಸಿತಾರಾ ಬಾಳವ್ವನ ಕಡೆ ತಿರುಗಿದಳು. ಹೊಸ್ತಿಲಿನ ಒಳಗಿನ ಮಾತು ಈಗ ಹೊರಗೆ ಬಂತು.

“ನಮ್ಮ ವಾಡ್ಯಾಗ ಒಂದು ಪದ್ಧತಿ ಐತ್ರಿ. ಕೂಸಿನ ಹೊಕ್ಕಳಬಳ್ಳಿ ಉದರಿದ ಮ್ಯಾಲೆ ಅದನ್ನ ಒಂದು ಕಂಟಿ ಬುಡಕ್ಕ ಹುಗೀತೇವಿ. ಅವತ್ತಿಂದ ಅದು ಆ ಕೂಸಿನ ಕಂಟಿ. ಕೂಸು ದೊಡ್ಡದಾಗಿ ಮದಿವಿ ಆಗೂಮಟಾ ಅದಕ್ಕ ಯಾರೂ ಕುಡಗೋಲು ಹಚ್ಚಂಗಿಲ್ಲ. ಆ ವರ್ಷ ನೀವು ಎಲ್ಲಾ ಸವರ್ರಿ ಅಂದಾಗ ಒಬ್ಬೊಬ್ಬಾಕೀನೂ ತನ್ನ ಮಕ್ಕಳ ಕಂಟಿ ಬಿಟ್ಟು ಉಳದದ್ದು ಕಡದ್ಲು. ಮೈಗಳ್ಳತನಕ್ಕ ಬಿಟ್ಟದ್ದಲ್ರಿ ಅದು.”

ಬಾಳವ್ವ ಅಲ್ಲೇ ಒಂದು ಬಂಡೆಯ ಮೇಲೆ ಕೂತುಬಿಟ್ಟಳು.

“ಕಂಟಿ ಅಂದ್ರ ಗಿಡದ ಸೂಲಗಿತ್ತಿ,” ಎಂದ ಮುಕ್ತಾರಜ್ಜ, ನೋಯುವ ಕಾಲು ನೀವಿಕೊಳ್ಳುತ್ತ. “ಹಕ್ಕಿ ನೇರಲಹಣ್ಣು ತಿಂದು ಬಂದು ಇದರ ಮ್ಯಾಲೆ ಕುಂದರತಾವ, ಬೀಜ ಬುಡಕ್ಕ ಬೀಳತೈತಿ. ಹೊನ್ನಿ ಬೀಜಕ್ಕ ರೆಕ್ಕಿ ಇರತೈತಿ, ಗಾಳಿಗೆ ಹಾರಿ ಬಂದು ಮುಳ್ಳಿಗೆ ಸಿಕ್ಕೊಂತೈತಿ. ಮುಳ್ಳಿಗೆ ಅಂಜಿ ದನಾ ಬಾಯಿ ಹಾಕೂದಿಲ್ಲ. ನೆರಳಿಗೆ ನೆಲಾ ತಂಪ ಇರತೈತಿ. ಗಿಡಾ ತಲಿ ಎತ್ತಿ ನಿಂತ ಮ್ಯಾಲೆ ಕಂಟಿ ತಾನ ಸೊರಗತೈತಿ, ಕೆಲಸಾ ಮುಗೀತು ಅಂತ.”

“ಇಷ್ಟ ಗೊತ್ತಿದ್ದವರು ಉಳದ ಕಂಟಿ ಯಾಕ ಕಡದ್ರಿ?” ಬಾಳವ್ವ ಕೇಳಿದಳು. ಬೈಗುಳದ ದನಿಯಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

ಸಿತಾರಾಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಷ್ಟೇ ಇತ್ತು. “ನೀವು ಕಡೀರಿ ಅಂದ್ರಿ, ಕಡದ್ವಿ. ಮನ್ಯಾಗ ಹಿಟ್ಟ ಇರಲಿಲ್ಲ. ನಮ್ಮ ಕಾಲ ಮ್ಯಾಲೆ ನಾವ ಕೊಡ್ಲಿ ಹಾಕ್ಕೊಳಾಕತ್ತೇವಿ ಅಂತ ಗೊತ್ತಿತ್ತು, ಗೊತ್ತಿದ್ದ ಹಾಕ್ಕೊಂಡ್ವಿ. ಆ ವರ್ಷದಿಂದ ಹಣ್ಣಿಲ್ಲ, ಹೂವಿಲ್ಲ, ಹೂವಿಲ್ಲ ಅಂದ ಮ್ಯಾಲೆ ಜೇನೂ ಇಲ್ಲ. ಬ್ಯಾಡ ಅಂತ ನಾವು ಹೇಳಿದ್ರ ನೀವು ಕೇಳತಿದ್ರೇನು? ಖರೇ ಹೇಳ್ರಿ ಅಕ್ಕ.”

ಬಾಳವ್ವ ಯೋಚಿಸಿದಳು. “ಇಲ್ಲವಾ. ಕೇಳತಿರಲಿಲ್ಲ.”

ಈ ಒಂದು ಪ್ರಾಮಾಣಿಕ ಮಾತಿನಿಂದ ಸಿತಾರಾಳ ಮನಸ್ಸು ಒಂದಿಷ್ಟು ಸಡಿಲಾಯಿತು. ಸುಳ್ಳು ಸಮಾಧಾನ ಹೇಳಿದ್ದರೆ ಅವಳು ಎದ್ದು ಮನೆಗೆ ಹೋಗುತ್ತಿದ್ದಳೋ ಏನೋ.

ಬಂಡೆಯ ಮೇಲೆ ಕೂತು ಅವರು ಸಂಜೆಯವರೆಗೆ ಮಾತಾಡಿದರು. ಬಾಳವ್ವ ತನಗೆ ಗೊತ್ತಿದ್ದನ್ನು ಹೇಳಿದಳು. ಅರಣ್ಯ ಹಕ್ಕು ಕಾಯ್ದೆ ಎಂಬುದೊಂದು ಇದೆ, ಅಡವಿಯನ್ನೇ ನಂಬಿ ಬದುಕಿದ ಸಿದ್ದಿಗಳಂಥ ಜನರು ಹಣ್ಣು, ಜೇನು ತರುವ ಹಕ್ಕನ್ನೂ ಅಡವಿ ಕಾಯುವ ಹಕ್ಕನ್ನೂ ಗ್ರಾಮಸಭೆಯ ಮೂಲಕ ಕೇಳಬಹುದು. “ನೀವು ಗ್ರಾಮಸಭಾಕ್ಕ ಬರೂದ ಇಲ್ಲ,” ಎಂದಳು.

“ಬಂದ್ರ ಹಿಂದ ನಿಂದರಸತೀರಿ.”

“ಈ ಸಲ ನನ್ನ ಬಾಜೂಕ ಕುಂಡ್ರು. ಯಾರು ಏಳಸತಾರ ನೋಡೂಣು.”

“ಅದಿರಲ್ರಿ. ಕಂಟಿ ಉಳಸೂಣು, ಬುಡಕ್ಕ ಬೀಜಾ ಹಾಕೂಣು. ಸಣ್ಣ ಸಸಿ ಇದ್ದಲ್ಲೆ ನಿಮ್ಮೂರ ದನಾ ಬಂದು ತುಳದ್ರ? ಮುಳ್ಳು ಬಾಯಿಗೆ ಅಡ್ಡ ಬರತೈತಿ, ಕಾಲಿಗಲ್ಲ.”

ಇಲ್ಲಿ ಬಾಳವ್ವ ಸ್ವಲ್ಪ ತಡವರಿಸಿದಳು. ಊರಿನಲ್ಲಿ ಹೆಚ್ಚು ದನ ಇದ್ದದ್ದು ಅವಳ ಮನೆಯಲ್ಲೇ. ಗುಡ್ಡ ಬಿಟ್ಟರೆ ಮೇವು ಕೊಳ್ಳಬೇಕು, ಮಗ ಬಸವಪ್ರಭು ಮನೆ ಮೇಲೆ ಕೆಳಗೆ ಮಾಡುತ್ತಾನೆ. “ಮೊದಲ ನಮ್ಮ ಮನಿ ದನಾ ಕಟ್ಟಿ ಹಾಕತೇನಿ,” ಎಂದಳು ಕಡೆಗೆ. “ಆಮ್ಯಾಲೆ ಸಂಘದಾಗ ಮಾತಾಡತೇನಿ. ನಾ ಕಟ್ಟದ ಮಂದಿಗೆ ಕಟ್ಟರಿ ಅಂದ್ರ ಯಾರು ಕೇಳತಾರ? ಮತ್ತ ಈ ಸಲ ಕೂಲಿ ಸವರೂದಕ್ಕಲ್ಲ, ಕಾಯೂದಕ್ಕ. ಅರಣ್ಯ ಇಲಾಖೆಯವರ ಕಡೆ ನಾ ಬರತೇನಿ ನಿನ್ನ ಸಂಗಾಟ.”

ಮುಕ್ತಾರಜ್ಜ ಕೈಯೆತ್ತಿದ. “ನನಗೂ ಎಲ್ಲಾ ಗೊತ್ತೈತಿ ಅಂತ ತಿಳೀಬ್ಯಾಡ್ರಿ. ಬ್ಯಾಸಗ್ಯಾಗ ಬೆಂಕಿ ಬಿದ್ರ ಏನ ಮಾಡೂದು, ನಮ್ಮ ಹಿರ್ಯಾರು ಏನ ಮಾಡತಿದ್ರೋ ನನಗ ಮರತೈತಿ. ಅದನ್ನ ಇಲಾಖೆಯವರ ಹೇಳಬೇಕು. ನಮ್ಮದು ನಾವು ಹೇಳತೇವಿ, ಅವರದು ಅವರು ಹೇಳಲಿ.”

ಸೌಮ್ಯಾ ಟೀಚರ್ ಅಷ್ಟೂ ಹೊತ್ತು ಮಹೆಕಳ ಪಕ್ಕದಲ್ಲಿ ಕೂತಿದ್ದಳು. ಈಗ ಹುಡುಗಿಯ ಕಡೆ ತಿರುಗಿದಳು. “ನಾ ಅವತ್ತ ತಪ್ಪು ಹೇಳಿದ್ನಿ ಮಹೆಕ. ಸಾಲಿ ಸುರುವಾದ ದಿನ ಎಲ್ಲಾರ ಮುಂದ ಹಂಗ ಹೇಳತೇನಿ. ಮತ್ತ ಶನಿವಾರಕ್ಕೊಮ್ಮೆ ಈ ಗುಡ್ಡದ ಮ್ಯಾಲೇ ಸಾಲಿ ಮಾಡೂಣು. ಅಜ್ಜಾರು ಬಂದು ಕಲಸಲಿ. ನಿಮ್ಮ ಮನಿ ಮಾತಿನ್ಯಾಗ ಗಿಡಕ್ಕ ಏನಂತಾರ, ಕನ್ನಡದಾಗ ಏನಂತಾರ, ಎರಡೂ ಬರಕೊಳ್ಳೂಣು. ನಂಗೂ ಕಲೀಬೇಕಾಗೇತಿ.”

“ಅವರು ಮತ್ತ ನಗತಾರ.”

“ನಕ್ಕವರನ್ನ ಇಲ್ಲಿಗೆ ಕರಕೊಂಡು ಬಾ. ಈ ಮುಳ್ಳಿನ್ಯಾಗ ಕೈ ಹಾಕಿ ನೇರಲ ಗಿಡಾ ಮುಟ್ಟಿ ತೋರಸ್ರಿ ಅನ್ನು.”

ಮಹೆಕ ತುಸುವೇ ನಕ್ಕಳು. ಅವಳು ನಕ್ಕದ್ದನ್ನು ಸಿತಾರಾ ಸಂಕ್ರಾಂತಿಯ ನಂತರ ಅಂದೇ ನೋಡಿದ್ದು.

ಆದರೂ ಸಿತಾರಾ ಹೂಂ ಅನ್ನಲಿಲ್ಲ. ಹಾಲಿನಿಂದ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಸಂಜೆ ಹಫೀಜ ಬಂದ ಮೇಲೆ ಎಲ್ಲವನ್ನೂ ಹೇಳಿದಳು. ಅವನು ಕೈಕಾಲು ತೊಳೆಯುತ್ತ ಕೇಳಿದ. “ಮತ್ತ ಅಕ್ಕಗ ಏನ ಹೇಳತಿ? ಆಕಿ ಮಾತು ಕೊಟ್ಟಾಳ.”

“ಆಕಿ ಮಾತು ಕೊಟ್ಟಾಳ, ನನ್ನ ಮಗಳನ್ನಲ್ಲ.”

“ಉಣ್ಣಾಕ?”

“ಇದ್ದದ್ದರಾಗ ಹಂಚ್ಕೊಂಡು ಉಣ್ಣೂಣು. ಮಧ್ಯಾಹ್ನದ ಊಟಾ ಸಾಲ್ಯಾಗ ಐತಲ್ಲ. ನಂದೂ ತಪ್ಪಾತು. ಸಾಲಿ ಒಲ್ಲೆ ಅಂದಾಕಿಗೆ ಯಾಕ ಒಲ್ಲೆ ಅಂತ ನಾನೂ ಕಡೀ ಮಟಾ ಕೇಳಲಿಲ್ಲ.”

ಹಫೀಜ ಕೈ ಒರೆಸಿಕೊಂಡ. ಆಮೇಲೆ ತಾನೇ ಫೋನ್ ಹಚ್ಚಿ ಹೆಂಡತಿಯ ಕೈಗೆ ಕೊಟ್ಟ. ಸಿತಾರಾ ಗಂಡನ ಅಕ್ಕನಿಗೆ, ಮಹೆಕ ಬರುವುದಿಲ್ಲ, ಶಾಲೆಗೆ ಹೋಗುತ್ತಾಳೆ ಎಂದಳು. ಅಕ್ಕ ಬೈದಳು. ಸಿತಾರಾ ಪೂರಾ ಬೈಸಿಕೊಂಡು ಫೋನ್ ಇಟ್ಟಳು. ಒಳಗೆ ಮಹೆಕ ಪ್ಲಾಸ್ಟಿಕ್ ಚೀಲದಿಂದ ಬಟ್ಟೆಗಳನ್ನು ತೆಗೆದು ಗೂಟಕ್ಕೆ ಹಾಕುತ್ತಿದ್ದಳು. ಈ ಸಲ ತಿರುಗಿ ತುಂಬಲಿಲ್ಲ. ಸಿತಾರಾ ಆ ಹೊತ್ತು ಬಿಸಿ ರೊಟ್ಟಿ ಪೂರ್ತಿ ಉಂಡಳು.

ಒಂದೇ ಮಳೆಗೆ ಗುಡ್ಡ ಹಸಿರಾಯಿತು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಕುಣಿ ತೋಡುವುದಿಲ್ಲ, ಬ್ಯಾನರ್ ಬೇಡ ಎಂದು ಹೇಳಿ ಕಳಿಸಿದ್ದಕ್ಕೆ ಗಿಡದ ಲಾರಿ ಬರಲೇ ಇಲ್ಲ. ಮುಳ್ಳು ಕಾಯಲು ಕೂಲಿಯೇ ಎಂದು ಸಮಿತಿಯಲ್ಲಿ ಕೆಲವರು ನಕ್ಕರು. ಗ್ರಾಮಸಭೆಯಲ್ಲಿ ಸಿತಾರಾ ಬಾಳವ್ವನ ಪಕ್ಕ ಕೂತಳು, ಎದ್ದು ಮಾತಾಡಿ, ಅಡವಿಯ ಹಕ್ಕು ಕೇಳಿ ಅರ್ಜಿ ಕೊಟ್ಟಳು. ಅರ್ಜಿ ಇನ್ನೂ ಕಚೇರಿಯಿಂದ ಕಚೇರಿಗೆ ಓಡಾಡುತ್ತಿದೆ. ಬಿತ್ತಿದ ಬೀಜದಲ್ಲಿ ಒಂದಿಷ್ಟನ್ನು ಇಲಿಗಳು ತಿಂದವು. ಆದರೆ ಬಾಳವ್ವನ ದನ ಕೊಟ್ಟಿಗೆಯಲ್ಲಿವೆ, ಅವಳನ್ನು ನೋಡಿ ಇನ್ನೂ ಕೆಲವರು ಕಟ್ಟಿದ್ದಾರೆ. ಬೇಸಿಗೆಯ ಬೆಂಕಿ ಗುಡ್ಡಕ್ಕೆ ಹಬ್ಬದಂತೆ ಎಲ್ಲಿ ಹುಲ್ಲು ಹೆರೆದು ಬೆಂಕಿಗೆರೆ ಬಿಡಬೇಕು ಎಂದು ಇಲಾಖೆಯವರು ಬಂದು ತೋರಿಸಿಕೊಟ್ಟಿದ್ದಾರೆ. ದನ ಮೇಯುವುದು ಕಡಿಮೆಯಾದ ಮೇಲೆ ಸವರಿದ ಕಂಟಿಗಳು ಬುಡದಿಂದ ಮತ್ತೆ ಚಿಗುರಿವೆ. ಶನಿವಾರ ಬೆಳಿಗ್ಗೆ ಮಕ್ಕಳು ಗುಡ್ಡ ಹತ್ತುತ್ತಾರೆ. ಮುಕ್ತಾರಜ್ಜನನ್ನು ಇಬ್ಬರು ಹುಡುಗರು ಕೈ ಹಿಡಿದು ಹತ್ತಿಸುತ್ತಾರೆ. ಮಹೆಕ ಐದನೇ ಇಯತ್ತೆಗೆ ಬಂದಿದ್ದಾಳೆ, ದಿನಾ ಹೋಗುತ್ತಾಳೆ. ಸಿತಾರಾ ಈಗಲೂ ದಣಿಯುತ್ತಾಳೆ. ಕಾಯುವ ಕೆಲಸ ಕಡಿಯುವ ಕೆಲಸಕ್ಕಿಂತ ಉದ್ದ.

ಶ್ರಾವಣದ ಒಂದು ದಿನ ಜಿಟಿಜಿಟಿ ಮಳೆಯಲ್ಲಿ ಬಾಳವ್ವ ಒಬ್ಬಳೇ ಏರು ಹತ್ತಿ ಬಂದಳು. ಸೆರಗಿನಲ್ಲಿ ಏನೋ ಬಚ್ಚಿಟ್ಟುಕೊಂಡಿದ್ದಳು.

“ಏನಾತ್ರಿ ಅಕ್ಕ, ಇಂಥಾ ಮಳ್ಯಾಗ?”

“ನಮ್ಮ ಮಗಳು ಸುಲಭಾ ಹಡದಾಳ. ಹೆಣ್ಣುಕೂಸು.” ಬಾಳವ್ವ ಸೆರಗು ಬಿಚ್ಚಿ ಅರಿವೆಯ ಒಂದು ಸಣ್ಣ ಗಂಟು ತೋರಿಸಿದಳು. “ನಿನ್ನೆ ಹೊಕ್ಕಳಬಳ್ಳಿ ಉದರೇತಿ. ನಮ್ಮ ಕೂಸಿಗೂ ಒಂದು ಕಂಟಿ ಕೊಡ್ತೀಯೇನ ತಂಗಿ?”

ಸಿತಾರಾ ಆ ಗಂಟನ್ನು ನೋಡಿದಳು. ಅಂದು ಕೂಲಿ ಹಿಡಿದ ಕೈ, ಇಂದು ಮಳೆಯಲ್ಲಿ ಚಾಚಿ ನಿಂತಿತ್ತು. ಅವಳ ಕಣ್ಣು ತುಂಬಿದವು.

“ಮದಿವಿ ಆಗೂಮಟಾ ಕುಡಗೋಲು ಹಚ್ಚಂಗಿಲ್ಲ ನೋಡ್ರಿ.”

“ಹಚ್ಚಂಗಿಲ್ಲವಾ.”

“ಮಹೆಕ, ಹೊಸಾ ಸಲಿಕಿ ತೊಗೊಂಡ ಬಾ,” ಎಂದು ಸಿತಾರಾ ಒಳಗೆ ಕೂಗಿದಳು. ಮೂವರೂ ಗುಡ್ಡ ಹತ್ತಿದರು. ಹೊಸದಾಗಿ ಚಿಗುರಿದ ಒಂದು ಕಂಟಿಯನ್ನು ಮಹೆಕಳೇ ಆರಿಸಿದಳು, ತನ್ನದರ ಪಕ್ಕದ್ದು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಸಂಘದಲ್ಲಿ ಕೂತು ಓದುತ್ತಿರುವವರೇ, ರೇಡಿಯೋದಲ್ಲಿ ಕೇಳುತ್ತಿರುವವರೇ, ನಿಮ್ಮೂರಿನ ಹಿಂದೆಯೂ ಒಂದು ಗುಡ್ಡ ಇರಬಹುದು. ಅದರ ಅಂಚಿನಲ್ಲಿ ಸಿದ್ದಿಗಳೋ ಗೌಳಿಗಳೋ ಇನ್ನಾರೋ ತಲೆಮಾರುಗಳಿಂದ ಬದುಕಿರಬಹುದು. ಗಿಡ ಹಚ್ಚುವ ಮೊದಲು ಅವರ ಮನೆಯ ಏರು ಹತ್ತಿ. ಅವರನ್ನು ಕುಣಿ ತೋಡಲು ಮಾತ್ರ ಕರೆಯಬೇಡಿ, ಗ್ರಾಮಸಭೆಯಲ್ಲಿ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಅವರ ಹಿರಿಯರನ್ನು ಶಾಲೆಗೆ ಕರೆಯಿರಿ, ಅವರ ಮಕ್ಕಳ ಮನೆಮಾತಿಗೆ ತರಗತಿಯಲ್ಲಿ ಜಾಗ ಕೊಡಿ. ಮಗು ಶಾಲೆ ಒಲ್ಲೆ ಅಂದರೆ ಕೆಲಸಕ್ಕೆ ಕಳಿಸಬೇಡಿ, ಯಾಕೆ ಒಲ್ಲೆ ಎಂದು ಕೇಳಿ. ನಿಮ್ಮ ದನವನ್ನು ಮೊದಲು ನೀವು ಕಟ್ಟಿ.

ಮತ್ತು ಯಾರ ಕೈಗಾದರೂ ಕುಡಗೋಲು ಕೊಟ್ಟು ಗುಡ್ಡ ಸವರಿ ಅನ್ನುವ ಮುಂಚೆ ಒಂದೇ ಒಂದು ಮಾತು ಕೇಳಿ: ಈ ಕಂಟಿ ಯಾರದು? ಉತ್ತರ ಬರುವವರೆಗೆ ಕಾಯಿರಿ.